ಎಂಟು ಹತ್ತರ ಬಸ್ಸಿಗೆ ಹಂಗಾಮಿ ಕಂಬ

ನಮ್ಮ ಮನೆಯಲ್ಲಿ ಒಂದು ಸರಕಾರಿ ಆಸ್ತಿ ಇದೆ. ಗಾಬರಿಯಾಗಬೇಡಿ, ಕದ್ದು ತಂದದ್ದಲ್ಲ! ಅದು ತಾನಾಗಿಯೇ ಎರಡು ಹೊತ್ತು ಊಟಕ್ಕೆ ಬರುತ್ತದೆ, ರೊಟ್ಟಿ ದಪ್ಪಾಯಿತೆಂದು ಗೊಣಗುತ್ತದೆ, ಮಧ್ಯಾಹ್ನ ಗೊರಕೆ ಹೊಡೆಯುತ್ತದೆ. ಅದು ನಮ್ಮ ಯಜಮಾನರ ಕಾಕಾ. ಇಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮೂರ ಕ್ರಾಸಿಗೆ ಬಸ್ ಸ್ಟಾಪಿನ ಕಂಬವಾಗಿ ಕೆಲಸ ಮಾಡುತ್ತಾರೆ. ಕಂಬದ ಹತ್ತಿರ ಅಲ್ಲ, ಮತ್ತೊಮ್ಮೆ ಓದಿಕೊಳ್ಳಿ, ಕಂಬವಾಗಿ!

ಕಾಕಾ ಹಿಂದಿನಿಂದಲೂ ಹೀಗೆಯೇ. ಅವರ ಲೆಕ್ಕದಲ್ಲಿ ದೇಶಭಕ್ತಿ ಅಂದರೆ ಭಾಷಣ ಅಲ್ಲ, ನಳ. "ಆಗಸ್ಟಿನಾಗ ಅಂಗಿಗೆ ಝಂಡಾ ಚುಚ್ಚಿಕೊಂಡು, ಮನಿಗೆ ಬರೂಮುಂದ ಸುರಿಯೂ ನಳ ನೋಡಿ ದಾಟಿ ಬರ್ತಾನಲ್ಲ, ಅವನ್ನ ಏನಂತ ಕರೀಬೇಕು?" ಎಂದು ಕೇಳುತ್ತಾರೆ. ಏನಂತ ಕರೆಯುತ್ತಾರೆ ಅನ್ನುವುದನ್ನೂ ಅವರೇ ಹೇಳುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನಾನು ಅದನ್ನು ಇಲ್ಲಿ ಬರೆಯಲಾರೆ. ಬಸವನ ಬಾಗೇವಾಡಿಯಲ್ಲಿ ನಮ್ಮ ನಾದಿನಿಯ ಮದುವೆಯಾದಾಗ, ಮಂಟಪದ ಹಿಂದೆ ನಳ ಸೋರುತ್ತಿದೆಯೆಂದು ಸೈಕಲ್ ಟ್ಯೂಬಿನ ಪಟ್ಟಿ ಹಿಡಿದು ಹೋದವರು ಅಕ್ಕಿಕಾಳು ಬಿದ್ದ ಮೇಲೇ ಬಂದರು. ಆಲ್ಬಮ್ ತೆಗೆದು ನೋಡಿ, ಹುಡುಗಿಯ ಕಾಕಾ ಎಂದು ಒಂದು ಬೆನ್ನು ಮಾತ್ರ ಸಿಗುತ್ತದೆ.

ಸಿಂದಗಿ ಬಸ್ ಸ್ಟ್ಯಾಂಡಿನ ಕಥೆಯಂತೂ ನಮ್ಮ ಬೀಗರ ಊರುಗಳಲ್ಲೆಲ್ಲ ಓಡಾಡುತ್ತಿದೆ. ನಮ್ಮ ಕಡೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆಯುತ್ತಾರೆ. ಟವೆಲ್ ಬಿದ್ದ ಸೀಟು ಟವೆಲಿನವರದು. ಇದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಇದರಷ್ಟು ಪಾಲಿಸಲ್ಪಡುವ ಕಾನೂನು ಬೇರೊಂದಿಲ್ಲ! ಆ ದಿನ ಕಾಕಾ ಹಿಂದಿನ ಬಾಗಿಲಿನಿಂದ ಮೆಲ್ಲಗೆ ಹತ್ತಿ, ಹದಿನಾಲ್ಕು ಟವೆಲು, ಎರಡು ಕರವಸ್ತ್ರ, ಕೂಸಿನ ಒಂದು ಕುಂಚಿಗೆ ಆರಿಸಿಕೊಂಡು ಕಂಡಕ್ಟರನ ಮಡಿಲಿಗೆ ಹಾಕಿದರು.

"ವಾರಸುದಾರರಿಲ್ಲದ ಮಾಲು. ಜಮಾ ಮಾಡ್ಕೋರಿ."

"ಯಜಮಾನ್ರ, ಮಂದಿ ಕೈಲೆ ನನ್ನ ಬಡಿಸಬೇಕಂತ ಮಾಡೀರೇನು?" ಎಂದ ಕಂಡಕ್ಟರು ಬಿಳಿಚಿಕೊಂಡಿದ್ದ.

ಆಮೇಲೆ ಎದ್ದ ಗದ್ದಲ ಕೇಳಬೇಡಿ. ಹದಿನಾಲ್ಕರಲ್ಲಿ ಒಂದು ಟವೆಲು ನಮ್ಮ ಯಜಮಾನರದು. ಅಂಚಿನ ಹಸಿರು ಗೆರೆಯಿಂದಲೇ ಗುರುತಿಸಿದೆ, ಬಾಯಿ ಬಿಡಲಿಲ್ಲ. ಸಿಂದಗಿಯಿಂದ ಇಂಡಿಯ ತನಕ ನಿಂತುಕೊಂಡೇ ಬಂದೆವು, ಕಾನೂನುಬದ್ಧವಾಗಿ!

ಇನ್ನು ಕಂಬದ ವಿಷಯ. ದೀಪಾವಳಿ ಮುಗಿದು ಫ್ಯಾಕ್ಟರಿಗೆ ಕಬ್ಬು ಸಾಗುವ ಹೊತ್ತು. ಟ್ರಾಕ್ಟರೊಂದು ತನ್ನ ಹಿಂದಿನ ಎರಡು ಟ್ರಾಲಿ ಮರೆತು ತಿರುಗಿ, ಕ್ರಾಸಿನ ಕಂಬವನ್ನು ಬುಡಸಮೇತ ಕಿತ್ತುಹಾಕಿತು. ಮರುದಿನ ಎಂಟು ಹತ್ತರ ಬಸ್ಸು ನಿಲ್ಲಲೇ ಇಲ್ಲ. ಇಂಡಿಯ ಕಾಲೇಜಿಗೆ ಹೋಗುವ ನಮ್ಮೂರ ಒಂಬತ್ತು ಹುಡುಗಿಯರು ಧೂಳು ಕುಡಿದು ನಿಂತರು. ಡ್ರೈವರ್ ಮೈಬೂಬ ಒಳ್ಳೆಯವನೇ. ಸಂಜೆ ಕೇಳಿದರೆ, "ಬೋರ್ಡ್ ಇಲ್ಲದ ಕಡೆ ನಿಲ್ಸಿದ್ರ ನನಗ ಮೆಮೊ ಕೊಡ್ತಾರ್ರಿ" ಎಂದ.

ಪಕ್ಕದ ಮನೆಯ ಸಾವಿತ್ರಿ ಎರಡು ದಿನ ಟೆಂಪೋದ ಬಾಗಿಲಿಗೆ ಜೋತುಬಿದ್ದು ಹೋದಳು. ಮೂರನೆಯ ಸಂಜೆ ಅವಳ ಅಪ್ಪ ನಮ್ಮ ಕಟ್ಟೆಗೆ ಬಂದು ಕೂತರು. "ಬಸ್ ನಿಂತರ ಕಾಲೇಜು, ನಿಲ್ಲದಿದ್ರ ಮನಿ. ಟೆಂಪೋಕ್ಕ ನಾ ಕಳಸೂದಿಲ್ಲ. ಕೈ ಜಾರಿದ್ರ ಏನ್ ಮಾಡ್ಲಿ?" ಸಿಟ್ಟಿನ ಮಾತಲ್ಲ, ಅಂಜಿಕೆಯ ಮಾತು. ಕೈಯಲ್ಲಿದ್ದ ಲಿಂಬಿಕಾಯಿಯನ್ನು ತಿರುಗಿಸುತ್ತಲೇ ಇದ್ದರು, ಒಮ್ಮೆಯೂ ತಲೆ ಎತ್ತಲಿಲ್ಲ. ಸಾವಿತ್ರಿಗೆ ಅದು ಪಿಯುಸಿ ಎರಡನೇ ವರ್ಷ. ಅವರ ಮನೆಯ ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು.

ಕಾಕಾ ಎದ್ದರು. "ಬೋರ್ಡ್ ಬೇಕಲ್ಲ ಆ ಮೈಬೂಬಗ? ನಾಳೆ ಇರ್ತೈತಿ."

ಮರುದಿನ ನಾನು ಕಟ್ಟೆಗೆ ನೀರು ಹಾಕುತ್ತ ಕ್ರಾಸಿನ ಕಡೆ ನೋಡುತ್ತೇನೆ, ಕಾಕಾ ಇಸ್ತ್ರಿ ಅಂಗಿ, ಬಿಳಿ ಟೋಪಿ ತೊಟ್ಟು, ಸೊಟ್ಟಾದ ಬೋರ್ಡನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ, ಹಗ್ಗದಿಂದ ಕೊರಳಿಗೆ ಕಟ್ಟಿಕೊಂಡು, ಕಂಬ ಕಿತ್ತ ಕುಣಿಯೊಳಗೇ ಇಳಿದು ನಿಂತಿದ್ದಾರೆ! "ಮ್ಯಾಲ ನಿಂದ್ರಬಾರದಾ?" ಎಂದು ನಮ್ಮ ಯಜಮಾನರು ಕೇಳಿದ್ದಕ್ಕೆ, "ಮಂಜೂರಾದ ಜಾಗಾ ಇದ. ಒಂದು ಹೆಜ್ಜಿ ಸರದ್ರ ಅಕ್ರಮ" ಎಂಬ ಉತ್ತರ. ಮೈಬೂಬ ಬಂದ, ಕಣ್ಣುಜ್ಜಿಕೊಂಡ, ಬ್ರೇಕ್ ಹಾಕಿದ. ಬೋರ್ಡ್ ಇದೆಯಲ್ಲ, ಮೆಮೊ ಎಲ್ಲಿಂದ ಬಂತು? ಒಂಬತ್ತೂ ಹುಡುಗಿಯರು ಹತ್ತಿದರು.

ಅಂದಿನಿಂದ ದಿನಾ ಏಳೂವರೆಗೆ ಡ್ಯೂಟಿ. ಡ್ಯೂಟಿಯಲ್ಲಿ ಕಾಕಾ ಮಾತಾಡುವುದಿಲ್ಲ. "ಬಸ್ ಹೋತೇನ್ರಿ?" ಎಂದು ಯಾರಾದರೂ ಕೇಳಿದರೆ ಮುಂದೆ ನೋಡುತ್ತ ನಿಂತಿರುತ್ತಾರೆ. ಕಂಬ ಮಾತಾಡುತ್ತದೆಯೇ? "ಒಂದು ಕಂಬ ನೀವ ನೆಡ್ರಲ್ಲ ಮಾರಾಯ್ರ" ಎಂದವರಿಗೆ ಡ್ಯೂಟಿ ಮುಗಿದ ಮೇಲೆ ಪಾಠ: "ಸರಕಾರದ ಜಾಗಾದಾಗ ಕಂಬ ನೆಟ್ಟರ ಅದು ಅತಿಕ್ರಮಣ. ನಾಗರಿಕ ನಿಂತರ ಅದು ಹಕ್ಕು. ಫರಕ್ ತಿಳ್ಕೋ."

ಮುದ್ದೇಬಿಹಾಳದಿಂದ ಬಂದ ನಮ್ಮ ಚಿಗವ್ವ ಬಸ್ಸಿನಿಂದ ಇಳಿದವಳೇ ಕಾಕಾನ ಕಾಲಿಗೆ ನಮಸ್ಕಾರ ಮಾಡಿ, ಬೋರ್ಡಿಗೂ ಕೈ ಮುಗಿದು, ಮನೆಗೆ ಬಂದು ಪಿಸುಗುಟ್ಟಿದಳು: "ಯಾವ ದೇವರ ಹರಕಿಯವ್ವಾ ಇದು? ಭಾಳ ಕಠಿಣ ಐತಿ!"

"ಸಂವಿಧಾನದ್ದು" ಎಂದೆ. ಆಕೆ ಗಲ್ಲ ಗಲ್ಲ ಬಡಿದುಕೊಂಡಳು.

ಅರ್ಜಿ ಬರೆಯುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರು ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆದು ತಿದ್ದಿಸಿದ ದುಂಡು ಅಕ್ಷರ ಹೀಗೆ ದೇಶದ ಕೆಲಸಕ್ಕೆ ಬೀಳುತ್ತದೆಂದು ಪಾಪ ಅವರಿಗೇನು ಗೊತ್ತು! ಹದಿನೈದು ದಿನಕ್ಕೊಂದು ಅರ್ಜಿ. ಯಾವ ಕಚೇರಿಗೆ ಅಂತ ಕೇಳಬೇಡಿ, ಅವರೂ ಮನುಷ್ಯರೇ. ವಿಷಯ: ಖಾಲಿ ಇರುವ ಕಂಬದ ಸ್ಥಾನ ಭರ್ತಿ ಮಾಡುವ ಕುರಿತು. ಕೆಳಗೆ ಕಾಕಾನ ಸಹಿ, ಸಹಿಯ ಕೆಳಗೆ ಹುದ್ದೆ: ಹಂಗಾಮಿ ಕಂಬ. "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂದಾಗಲೆಲ್ಲ, "ನೋಡ್ದಿ? ಹುದ್ದೆ ತಪ್ಪು ಅಂತ ಎಲ್ಲೂ ಬರದಿಲ್ಲ, ಅಂದ್ರ ಒಪ್ಪ್ಯಾರ" ಎಂದು ಹಿಗ್ಗುತ್ತಿದ್ದರು.

ಎಳ್ಳಮಾವಾಸ್ಯೆ ಬಂತು. ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ಬಂದೆವು. ಕಾಕಾ ಒಂದು ಬುಟ್ಟಿ ಎತ್ತಿಟ್ಟುಕೊಂಡಿದ್ದರು. ಸಂಜೆ ಕ್ರಾಸಿಗೆ ಹೋಗಿ, ಆ ಕುಣಿಯ ಸುತ್ತ "ಹುಲ್ಲುಲ್ಲಿಗೋ… ಚಲಾಂಬ್ರಿಗೋ…" ಎಂದು ಹೊಲದಲ್ಲಿ ಕೂಗುವಂತೆಯೇ ಕೂಗುತ್ತ ಸಜ್ಜಿಕಡಬು, ಭಜ್ಜಿ ಎರಚಿದರು!

"ಮೈದುನಾ, ಏನಿದು ಹುಚ್ಚು?" ಎಂದರು ನಮ್ಮತ್ತೆ. ಅವರು ಎರಡು ದಿನ ಕೂತು ಮಾಡಿದ ಕಡಬು!

"ಚರಗ ಚೆಲ್ಲಿದ್ರ ಜ್ವಾಳ ಬೆಳೀತೈತಿ. ಕಂಬ ಯಾಕ ಬೆಳೀಬಾರದು? ನಮ್ಮ ಹೊಲ ಆದ್ರ ಉಣಸ್ತೀರಿ, ಎಲ್ಲಾರ ಹೊಲ ಆದ್ರ ಉಪಾಸ ಕೆಡವ್ತೀರಿ!"

ಕಂಬ ಬೆಳೆಯಲಿಲ್ಲ. ಊರಿನ ನಾಯಿಗಳು ಮಾತ್ರ ಆ ಬಸ್ ಸ್ಟಾಪನ್ನು ಸರ್ವಾನುಮತದಿಂದ ಒಪ್ಪಿಕೊಂಡವು.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಕಾಕಾಗೆ ಸುಡುವ ಜ್ವರ. ಟೋಪಿ ಹಾಕಿಕೊಂಡು ಎದ್ದರು, ಎರಡು ಹೆಜ್ಜೆಗೆ ಗೋಡೆ ಹಿಡಿದರು. ನಮ್ಮ ಯಜಮಾನರು ಲಿಂಬಿ ಮಾರಲು ಲಿಲಾವಿಗೆಂದು ನಸುಕಿನಲ್ಲೇ ಹೋಗಿದ್ದರು. ಮೇಲೆ ಇನ್ನೊಂದು ಸುದ್ದಿ: ಮೈಬೂಬ ರಜೆ, ಇವತ್ತು ಹೊಸ ಡ್ರೈವರು. ಹೊರಗೆ ಸಾವಿತ್ರಿಯ ಅಪ್ಪ ಕೈ ಹಿಸುಕುತ್ತ ನಿಂತಿದ್ದರು.

"ಕಾಕಾ, ನಾ ಹೋಗ್ತೇನಿ" ಎಂದೆ. ಹಾಗೆ ಅಂದದ್ದು ನಾನೇನಾ ಎಂದು ತಿರುಗಿ ನೋಡಿದೆ!

ರಸ್ತೆಯಲ್ಲಿ ಜೋರಾಗಿ ನಗಬಾರದೆಂದು ಕಲಿತು ಬೆಳೆದವಳು ನಾನು. ಸೆರಗು ಬಿಗಿದು, ಬೋರ್ಡು ಕೊರಳಿಗೆ ಹಾಕಿಕೊಂಡು ಕುಣಿಗೆ ಇಳಿದೆ. ತಳದ ಮಣ್ಣು ಸಾರಿಸಿದಂತೆ ನುಣುಪಾಗಿತ್ತು, ನಡುವೆ ಎರಡು ಪಾದದ ತಗ್ಗು. ನನ್ನ ಕಾಲು ಅದರೊಳಗೆ ಸಣ್ಣದಾಯಿತು. ಒಂಬತ್ತು ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ. ಸಾವಿತ್ರಿ ಹಾಲ್ ಟಿಕೆಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಬಸ್ಸು ಬಂತು. ವೇಗ ಕಡಿಮೆಯಾಗಲಿಲ್ಲ. ಕೈ ಎತ್ತಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ನನ್ನನ್ನು ದಾಟಿಯೇ ಬಿಟ್ಟಿತು. ಸಾವಿತ್ರಿಯ ಅಪ್ಪ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಕರ್ರ್ ಎಂದು ಬ್ರೇಕು! ಬಸ್ಸು ಹಿಂದಕ್ಕೆ, ಹಿಂದಕ್ಕೆ ಬಂದು ನನ್ನ ಮುಂದೆ ನಿಂತಿತು. ಹೊಸ ಡ್ರೈವರ್ ತಲೆ ಹೊರಗೆ ಹಾಕಿದ.

"ತಪ್ಪಾತ್ರಿ ಅಕ್ಕಾರ. ಕುಣ್ಯಾಗ ಒಬ್ಬರು ಹಿರ್ಯಾರು ನಿಂತಿರ್ತಾರ, ಅವರನ್ನ ಬಿಟ್ಟು ಹೋಗಬ್ಯಾಡ ಅಂತ ಮೈಬೂಬಣ್ಣ ಮೂರು ಸಲ ಹೇಳಿ ಕಳಿಸ್ಯಾನ. ನಿಮ್ಮನ್ನ ನೋಡಿ ಗೊಂದಲಾತು. ಎಲ್ಲಿ ಅವರು?"

"ಜ್ವರ ಬಂದೈತ್ರಿ."

"ಹೇಳ್ರಿ ಅವರಿಗೆ, ಬಸ್ ನಿಂತಿತು ಅಂತ."

ಹೇಳಲು ಓಡಿಯೇ ಬಂದೆ. ಕಾಕಾ ಕಣ್ಣು ತೆರೆಯದೆ ಕೇಳಿದರು, "ಎಷ್ಟ ಮಂದಿ?"

"ಒಂಬತ್ತೂ ಮಂದಿ ಹತ್ತಿದ್ರು, ಕಾಕಾ. ಸಾವಿತ್ರಿಗೆ ಕಿಟಕಿ ಕಡೆ ಸೀಟು ಸಿಕ್ಕತು."

ಕಾಕಾ ಮಗ್ಗುಲಾದರು. ಹೊದಿಕೆ ಸರಿಪಡಿಸಲು ಹೋದಾಗ ಕಂಡೆ, ಎರಡೂ ಪಾದ ಬಾತು ಹಿಮ್ಮಡಿ ಸೀಳಿತ್ತು. ಒಂದು ಸೀಳಿನಲ್ಲಿ ಕುಣಿಯ ಕರಿಮಣ್ಣು ಇನ್ನೂ ಇತ್ತು. ಇಷ್ಟು ತಿಂಗಳು ಊರೆಲ್ಲ ಸೇರಿ ಅವರ ಕೊರಳಿನ ಬೋರ್ಡು ನೋಡಿ ನಕ್ಕೆವು, ಕಾಲು ನೋಡಿದವರು ಒಬ್ಬರಿಲ್ಲ. ಎಣ್ಣೆ ಬಿಸಿ ಮಾಡಿ ತಂದು ಕೂತೆ. "ಬ್ಯಾಡವ್ವಾ, ಸೊಸಿ ಕೈಲೆ…" ಎಂದು ಕಾಲು ಎಳೆದುಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಎರಡನೆಯ ಕಾಲಿಗೆ ಎಣ್ಣೆ ಹಚ್ಚುವಷ್ಟರಲ್ಲಿ ನಿದ್ದೆ ಹೋಗಿದ್ದರು.