ನಾಕು ಬಸ್ಸು, ನಕೋ ಬಸ್ಸು

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಎಂದು ಬದುಕುವವನ ಬಾಯಿಗೆ ಆಗಾಗ ಏನಾದರೊಂದು ಫಜೀತಿ ಬಂದೇ ಬರುತ್ತದೆ. ಪುಣೆಯಲ್ಲಿ ನನಗೆ ಇಂಥವು ಬೇಕಾದಷ್ಟು ಆಗಿವೆ, ಬಹಳಷ್ಟನ್ನು ನಕ್ಕು ಮರೆತಿದ್ದೇನೆ. ಒಂದನ್ನು ಮಾತ್ರ ಮರೆಯಲಾಗಲಿಲ್ಲ. ಅದು ನನ್ನ ಹೆಂಡತಿಯನ್ನು ವರ್ಷಗಟ್ಟಲೆ ಬಸ್‌ಸ್ಟಾಪಿನಲ್ಲಿ ನಿಲ್ಲಿಸಿತು.

ನಾನು ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಂಗಡಿಯಲ್ಲಿ ದಿವಾಣಜಿ, ಅಂದರೆ ಗುಮಾಸ್ತ. ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅಪ್ಪ ನನ್ನನ್ನು ಇಲ್ಲಿಯ ಮರಾಠಿ ಶಾಲೆಗೆ ಹಾಕಿದ್ದರಿಂದ ನನ್ನ ಮರಾಠಿ ಅಕ್ಷರ ದುಂಡಗಿತ್ತು. ಮನೆ ಧನಕವಡಿಯಲ್ಲಿ. ಹೆಂಡತಿಗೆ ಕೆಲಸ ಊರಿನ ಇನ್ನೊಂದು ತುದಿಯ ಭೋಸರಿಯಲ್ಲಿ, ಮೋಟಾರಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿ. ನೇರ ಬಸ್ಸಿರಲಿಲ್ಲ. ಎರಡು ಕಡೆ ಬಸ್ಸು ಬದಲಿಸಿ ಅವಳು ಮನೆ ಸೇರುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತಿತ್ತು. ಭೋಸರಿಗೆ ಗುರುವಾರ ರಜೆ, ನನಗೆ ಶನಿವಾರ. ಒಂದೇ ಮನೆಯಲ್ಲಿದ್ದೂ ನಾವು ಒಬ್ಬರ ಮುಖ ಒಬ್ಬರು ಹಗಲಿನಲ್ಲಿ ಸರಿಯಾಗಿ ನೋಡುತ್ತಿದ್ದುದು ಹಬ್ಬಕ್ಕೆ ಮಾತ್ರ. ನಮ್ಮ ಮನೆಗೊಂದು ಪುಟ್ಟ ಗ್ಯಾಲರಿ ಇತ್ತು, ಅಲ್ಲಿಂದ ಕಾತ್ರಜದ ಗುಡ್ಡ ಕಾಣುತ್ತಿತ್ತು. ಬೆಳಕು ಇರುವಾಗಲೇ ಅಲ್ಲಿ ಇಬ್ಬರೂ ಕೂತು ಒಂದೊಂದು ಕಪ್ ಚಹಾ ಕುಡಿಯಬೇಕು. ನನ್ನ ಆಸೆ ಅಷ್ಟೇ ಇತ್ತು.

ಸಲ್ಲದವರ ಸಮಿತಿ

ತೊಂಬತ್ತರ ದಶಕದ ನಡುವೆ ಪಾಲಿಕೆಯ ಯಾವುದೋ ಸಾಹೇಬರಿಗೆ, ಊರು ಬೆಳೆಯಬೇಕಾದರೆ ಆಯಾ ಭಾಗದ ವ್ಯಾಪಾರಸ್ಥರನ್ನು ಕೇಳಬೇಕು ಎಂದು ಹೊಳೆಯಿತು. ನಮ್ಮ ಅಂಗಡಿಯ ಮಾಲೀಕರಾದ ಶೇಟರನ್ನು ಅಧ್ಯಕ್ಷರನ್ನಾಗಿ ಮಾಡಿ ಒಂದು ಸಲಹಾ ಸಮಿತಿ ಕಟ್ಟಿದರು. ಯಾರ್ಡಿನ ಗೇಟಿನೆದುರು ಹೋಟೆಲ್ ಇಟ್ಟಿದ್ದ, ಎಲ್ಲರೂ ಅಣ್ಣ ಎಂದು ಕರೆಯುವ ಉಡುಪಿ ಕಡೆಯವರು ಒಬ್ಬ ಸದಸ್ಯರು. ಕಾರ್ಖಾನೆಯವರ ಪರವಾಗಿ, ಭೋಸರಿಯಲ್ಲಿ ಲೇಥ್ ಮಷೀನು ಇಟ್ಟಿದ್ದ ಮಾಲೀಕರು ಇನ್ನೊಬ್ಬರು. ಅಕ್ಷರ ದುಂಡಗಿದೆಯೆಂದು ನಡಾವಳಿ ಬರೆಯುವ ಕೆಲಸ ನನಗೆ ಬಂತು.

ಮರಾಠಿಯಲ್ಲಿ ಸಲಹೆಗೆ 'ಸಲ್ಲಾ' ಅನ್ನುತ್ತಾರೆ. ಹಾಗಾಗಿ ನಮ್ಮದು 'ವ್ಯಾಪಾರಿ ಸಲ್ಲಾಗಾರ ಸಮಿತಿ'. ಸಭೆ ನಡೆಯುತ್ತಿದ್ದದ್ದು ಅಣ್ಣನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ. ಅಲ್ಲಿ ಬೋರ್ಡು ತೂಗು ಹಾಕಿದ ದಿನ ಅಣ್ಣ ಅದನ್ನೇ ಎರಡು ಸಲ ಓದಿ ನನ್ನ ಕಡೆ ತಿರುಗಿದರು.

"ಎಂತ ದಿವಾಣಜಿ ಮಾರಾಯ್ರೆ ಇದು? ಸಲ್ಲದ್ದು ಯಾರು? ನಾವಾ?"

ಮೂವತ್ತು ವರ್ಷ ಪುಣೆಯಲ್ಲಿದ್ದವರಿಗೆ ಅರ್ಥ ಗೊತ್ತಿರಲಿಲ್ಲ ಎಂದಲ್ಲ, ಕೀಟಲೆ. ಅಣ್ಣ ಏನೆಂದರು ಎಂದು ಶೇಟರು ಕೇಳಿದರು. ಬೋರ್ಡು ಚೆನ್ನಾಗಿದೆಯಂತೆ ಎಂದು ನಾನು ಮರಾಠಿಯಲ್ಲಿ ಹೇಳಿದೆ.

ಆ ರಾತ್ರಿ ಹೆಂಡತಿಗೆ ಸುದ್ದಿ ಹೇಳಿದಾಗ ಅವಳ ಮುಖ ಅರಳಿತು. "ಹಂಗಾರ ನಮ್ಮ ಬಸ್ಸಿನ ಮಾತ ಹಾಕ್ರಿ. ಧನಕವಡಿಯಿಂದ ಯಾರ್ಡ್ ಮ್ಯಾಲೆ ಹಾಯ್ದು ಭೋಸರಿಗೆ. ಒಂದ ಬಸ್ ಸಾಕ, ನನಗೇನ ಭಾಳ ಬ್ಯಾಡ."

"ಹಾಕ್ತೀನಿ" ಎಂದೆ.

"ಸಮಿತಿ ಹೆಸರ ಏನಂದ್ರಿ?"

ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. "ಸಲ್ಲದವ್ರು ಅಂತ ನೀವ ಬೋರ್ಡ್ ಬರಸ್ಕೊಂಡು ಕುಂತ್ರ ನಿಮ್ಮ ಮಾತ ಯಾರ ಕೇಳ್ತಾರ್ರಿ?"

ಬರಬೇಕು, ನಿಲ್ಲಬಾರದು

ಮೊದಲ ಸಭೆಗೆ ಬಂದ ಸಾಹೇಬರು, ಈ ಭಾಗದ ವ್ಯಾಪಾರ ಬೆಳೆಯಲು ಏನು ಬೇಕು ಎಂದು ಕೇಳಿದರು. ಹಗಲಲ್ಲೂ ಟ್ರಕ್ ಒಳಗೆ ಬಿಡಬೇಕು ಎಂದರು ಶೇಟರು. ಹೋಟೆಲಿನ ಮುಂದೆ ಟ್ರಕ್ ನಿಂತರೆ ಹೆಂಗಸರು ಮಕ್ಕಳು ಒಳಗೆ ಬರುವುದಿಲ್ಲ, ಒಂದು ಟ್ರಕ್ಕೂ ನಿಲ್ಲಕೂಡದು ಎಂದರು ಅಣ್ಣ. ಇಬ್ಬರೂ ಇಪ್ಪತ್ತು ವರ್ಷದ ಗೆಳೆಯರು, ದಿನಾ ಒಂದೇ ಟೇಬಲ್ಲಿನಲ್ಲಿ ಚಹಾ ಕುಡಿಯುವವರು. ಆ ದಿನ ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿಮ್ಮ ಜಗಳ ನನಗೆ ಬೇಡ, ಎಲ್ಲರೂ ಒಪ್ಪಿದ ಒಂದೇ ಸಲಹೆ ಬರೆದು ಕೊಡಿ" ಎಂದರು ಸಾಹೇಬರು. ಅಂಗಡಿಯ ಅನ್ನ ತಿನ್ನುವವನು ನಾನು, ಅಣ್ಣನ ಚಹಾ ಕುಡಿಯುವವನೂ ನಾನೇ. ಯೋಚಿಸಿ ಬರೆದೆ: 'ಟ್ರಕ್ಕುಗಳು ಹಗಲಲ್ಲೂ ಬರಬೇಕು. ಆದರೆ ಎಲ್ಲಿಯೂ ನಿಲ್ಲಬಾರದು.'

ಸಾಹೇಬರು ಓದಿ ಕನ್ನಡಕ ತೆಗೆದರು. ಬರುತ್ತದೆ, ನಿಲ್ಲುವುದಿಲ್ಲ, ಇಂಥದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ ಎಂದರು.

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಭೋಸರಿಯ ಮಾಲೀಕರು ಮೆಲ್ಲಗೆ ಎದ್ದು ನಿಂತರು. "ಸಾಹೇಬ್, ನಮ್ಮ ಕಾರ್ಖಾನೆಗೆ ಬನ್ನಿ, ತೋರಿಸ್ತೇನೆ. ನಮ್ಮಲ್ಲಿ ಕರೆಂಟು ಹಾಗೇ."

ಸಾಂಬಾರಿನ ವರದಿ

ಅಣ್ಣನಿಗೆ ಊರಿನ ಆರ್ಥಿಕ ಸ್ಥಿತಿ ಅಳೆಯುವ ಒಂದು ವಿದ್ಯೆ ಗೊತ್ತಿತ್ತು. "ಕೈಯಲ್ಲಿ ಕೆಲಸ ಉಂಟು ಅಂತಾದ್ರೆ ಗಿರಾಕಿ ಎರಡು ಪ್ಲೇಟ್ ಇಡ್ಲಿ ತಿಂದು ಓಡ್ತಾನೆ. ಕೆಲಸ ಇಲ್ಲದವ ಒಂದು ಪ್ಲೇಟ್ ತಗೊಂಡು ಮೂರು ಸಲ ಸಾಂಬಾರ್ ಕೇಳ್ತಾನೆ. ನನಗೆ ಪೇಪರ್ ಓದ್ಲಿಕ್ಕೆ ಬೇಡ, ಸಾಂಬಾರಿನ ಬಕೆಟ್ ನೋಡಿದ್ರೆ ಸಾಕು." ಮೂರನೆಯ ಸಲ ಕೇಳಿದವನಿಗೂ ಅಣ್ಣ ಇಲ್ಲವೆಂದದ್ದನ್ನು ನಾನು ಕಂಡಿಲ್ಲ.

ಆಗ ಹೊಸದಾಗಿ ಬಂದಿದ್ದ ಸಾಹೇಬರಿಗೆ ಅಂಕಿ ಅಂಶದ ಹುಚ್ಚು. ಹಾಗಾದರೆ ಎರಡು ತಿಂಗಳು ಬರೆದಿಡಿ ಎಂದರು. ಯಾರಾದರೂ ಮತ್ತೆ ಸಾಂಬಾರ್ ಕೇಳಿದಾಗಲೆಲ್ಲ ಮಾಣಿಗಳು ಅಡುಗೆಮನೆಯ ಗೋಡೆಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರು. ಮೊದಲ ತಿಂಗಳು ಗೋಡೆ ತುಂಬಿತು. ಎರಡನೆಯ ತಿಂಗಳು ಒಂದು ಮೂಲೆಯೂ ತುಂಬಲಿಲ್ಲ.

ಸಾಹೇಬರು ಹಿರಿಹಿರಿ ಹಿಗ್ಗಿದರು. ಈ ಭಾಗದಲ್ಲಿ ಉದ್ಯೋಗ ಹೆಚ್ಚಿದೆ, ಜನ ಸುಧಾರಿಸಿದ್ದಾರೆ ಎಂದು ವರದಿ ಬರೆದು ಸಭೆಯಲ್ಲಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಣ್ಣ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಸಾಹೇಬರ ಸ್ಕೂಟರಿನ ಸದ್ದು ದೂರವಾದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು.

"ಅಡುಗೆ ಭಟ್ರು ಊರಿಗೆ ಹೋಗಿದ್ರು ಮಾರಾಯ್ರೆ. ಈ ತಿಂಗಳು ಪೂರ್ತಿ ಸಾಂಬಾರಿಗೆ ಉಪ್ಪು ಹಾಕಿದ್ದು ನಾನು."

ಈಗ ಆ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅದರ ಮುಂದೆ ಹೋಗುವಾಗಲೆಲ್ಲ ಆ ಗೋಡೆಯ ಗೆರೆಗಳು ನೆನಪಾಗುತ್ತವೆ. ಆ ಉಪ್ಪು ಸಾಂಬಾರನ್ನಾದರೂ ಇನ್ನೊಂದು ಸಲ ತಿನ್ನಬೇಕು ಅನ್ನಿಸುತ್ತದೆ.

ಪೆನ್ನಿನ ಟೋಪಿ

ಇಷ್ಟರ ನಡುವೆ ನಾನು ಪ್ರತಿ ಸಭೆಯ ನಡಾವಳಿಯ ಕೊನೆಗೆ ಬಸ್ಸಿನ ಮಾತು ಸೇರಿಸುತ್ತಲೇ ಇದ್ದೆ. ಶೇಟರಿಗೂ ಅದು ಹಿಡಿಸಿತ್ತು, ಯಾರ್ಡಿನ ಹಮಾಲರ ಮನೆಯ ಹೆಂಗಸರು ಎಷ್ಟೋ ಮಂದಿ ಭೋಸರಿಯ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಕೇಳುವುದೇ ಆದರೆ ನಾಲ್ಕು ಬಸ್ಸು ಕೇಳೋಣ, ಕಡಿಮೆ ಕೇಳಿದರೆ ಮರ್ಯಾದೆ ಇರುವುದಿಲ್ಲ ಎಂದು ಅವರೇ ತೀರ್ಮಾನಿಸಿದರು. ಮೂರು ವರ್ಷ ಬರೆದ ಮೇಲೆ ಒಂದು ಮಧ್ಯಾಹ್ನ ಬಸ್ಸಿನ ಕಚೇರಿಯ ಅಧಿಕಾರಿ ಫೈಲು ಹಿಡಿದು ನಮ್ಮ ಸಭೆಗೇ ಬಂದರು. ಅವತ್ತು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಭೋಸರಿಯ ಮಾಲೀಕರು ಆ ದಿನ ಬಂದಿರಲಿಲ್ಲ. ಮಾತು ಶುರುವಾಗುವ ಹೊತ್ತಿಗೆ ಶೇಟರಿಗೆ ಹೋಟೆಲಿನ ಗಲ್ಲಾದ ಫೋನಿನಲ್ಲಿ ಕರೆ ಬಂದು ಅವರು ಹೊರಗೆ ಹೋದರು. ಅಧಿಕಾರಿ "ಕಿತೀ ಗಾಡ್ಯಾ ಪಾಹಿಜೇತ್?" ಎಂದು ಕೇಳಿದರು, ಎಷ್ಟು ಬಸ್ಸು ಬೇಕು ಎಂದು. ಅಣ್ಣನಿಗೆ ಮರೆತುಹೋಗಿತ್ತು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದರು.

"ಎಷ್ಟು ಬರೆದದ್ದು ನಾವು, ದಿವಾಣಜಿ?"

ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಹಲ್ಲಿನಲ್ಲಿ ಪೆನ್ನಿನ ಟೋಪಿ ಕಚ್ಚಿಕೊಂಡಿದ್ದೆ. ಕನ್ನಡದಲ್ಲಿ ಕೇಳಿದ್ದಕ್ಕೆ ನನ್ನ ಬಾಯಿ ನಮ್ಮ ಕಡೆಯ ಕನ್ನಡದಲ್ಲೇ ಉತ್ತರ ಕೊಟ್ಟಿತು.

"ನಾಕು."

ಮರಾಠಿಯಲ್ಲಿ 'ನಕೋ' ಎಂದರೆ ಬೇಡ. ಅಧಿಕಾರಿ ಹುಬ್ಬೇರಿಸಿ "ನಕೋ?" ಎಂದರು. ಪಾಪ, ನಮ್ಮ ಮಾತು ಕಲಿಯುತ್ತಿದ್ದಾರೆ ಎಂದುಕೊಂಡೆ. ಟೋಪಿ ಕಚ್ಚಿಕೊಂಡೇ ಹೌದೆಂದು ಜೋರಾಗಿ ಗೋಣು ಹಾಕಿದೆ. "ಹೋ ಸಾಹೇಬ್, ಹೋ. ನಾಕು, ನಾಕು." ಅವರ ಮುಖದಲ್ಲಿ ಬಹಳ ಸಮಾಧಾನ ಕಂಡಿತು. ಫೈಲು ಮುಚ್ಚಿ, ಮಸಾಲೆ ದೋಸೆ ತಿಂದು, ಕೈ ಕುಲುಕಿ ಹೋದರು. ನಾನೂ ಅಣ್ಣನೂ ನಾಲ್ಕು ಬಸ್ಸು ಬಂದೇಬಿಟ್ಟವು ಎಂದು ಇನ್ನೊಂದು ಚಹಾ ಕುಡಿದೆವು.

ತಿಂಗಳ ಮೇಲೆ ಪತ್ರ ಬಂತು: 'ಸಮಿತಿಗೆ ಬಸ್ಸು ಬೇಡವೆಂದು ಖುದ್ದಾಗಿ ತಿಳಿಸಿರುವುದರಿಂದ ಪ್ರಸ್ತಾವ ಕೈಬಿಡಲಾಗಿದೆ.' ಯಾರು ಬೇಡ ಅಂದರು ಎಂದು ಶೇಟರು ಕೂಗಾಡಿದರು. ಅಣ್ಣನೂ ನಾನೂ ಆ ದಿನದ ಮಾತನ್ನು ಒಂದೊಂದಾಗಿ ಮತ್ತೆ ಆಡಿ ನೋಡಿದೆವು. 'ನಾಕು' ಬಂದ ಕೂಡಲೇ ಅಣ್ಣ ಹಣೆಗೆ ಕೈ ಹಚ್ಚಿಕೊಂಡರು.

"ನಾನಾದ್ರೆ ನಾಲ್ಕು ಅಂತ ಬಾಯಿ ತುಂಬ ಹೇಳ್ತಿದ್ದೆ. ನೀವು 'ಲ್' ನುಂಗಿದ್ರಿ ದಿವಾಣಜಿ, ಅದರೊಟ್ಟಿಗೆ ನಾಲ್ಕು ಬಸ್ಸನ್ನೂ ನುಂಗಿದ್ರಿ. ಹೊಟ್ಟೆ ಹೇಗುಂಟು ಈಗ?"

ಕನ್ನಡದಲ್ಲಿ ನಾಕು ಅಂದರೆ ನಾಲ್ಕು ಎಂದು ವಿವರಿಸಿ ಪತ್ರ ಬರೆದೆ. ಭಾಷೆಯ ವಿಷಯ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಉತ್ತರ ಬಂತು.

ಹೆಂಡತಿಗೆ ಹೇಳಲು ನನಗೆ ಎರಡು ದಿನ ಧೈರ್ಯ ಬರಲಿಲ್ಲ. ಮೂರನೆಯ ದಿನ ಅವಳು ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಾಗ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಎಣ್ಣೆಯ ಬಟ್ಟಲು ಬದಿಗೆ ಸರಿಸಿದಳು.

"ನಾ ಒಂದ ಸಾಕ ಅಂದಿದ್ನೆಲ್ರಿ" ಎಂದಳು. "ನಾಕ ಕೇಳಂತ ನಿಮಗ ಯಾರ ಹೇಳಿದ್ರು?"

ಹಾಜರಿದ್ದವರು

ಅಣ್ಣ ಅದನ್ನು ಮರೆಯಲೂ ಇಲ್ಲ, ನನಗೆ ಮರೆಯಲು ಬಿಡಲೂ ಇಲ್ಲ. ಆ ಬಸ್ಸು ಒಂದಲ್ಲ ಒಂದು ದಿನ ಬಂದೇ ಬರುತ್ತದೆ ಎನ್ನುತ್ತಿದ್ದರು. "ಮೊದಲ ದಿನ ನಾವು ನಾಲ್ಕೂ ಮಂದಿ ಹೋಗುವ. ನೀವು, ನಿಮ್ಮ ಮನೆಯ ಅಕ್ಕ, ಶೇಟ್, ನಾನು. ಕಂಡಕ್ಟರ್ ಎಷ್ಟು ಅಂತ ಕೇಳಿದ್ರೆ ಹೇಳುವುದು ನಾನು. ನೀವು ಬಾಯಿ ಬಿಡ್ಲಿಕ್ಕಿಲ್ಲ."

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ಪುಣೆಯ ಬಸ್ಸಿನ ಸಂಸ್ಥೆ, ಭೋಸರಿ ಸೇರಿದ್ದ ಪಿಂಪ್ರಿ ಕಡೆಯ ಬಸ್ಸಿನ ಸಂಸ್ಥೆ ಎರಡೂ ಒಂದಾದವು. ಯಾರ ಸಲಹೆಯನ್ನೂ ಕೇಳದೆ ಧನಕವಡಿಯಿಂದ ಯಾರ್ಡಿನ ಮೇಲೆ ಭೋಸರಿಗೆ ಬಸ್ಸು ಬಿಟ್ಟರು. ಅಷ್ಟು ಹೊತ್ತಿಗೆ ಸಮಿತಿ ತಾನಾಗಿಯೇ ನಿಂತುಹೋಗಿತ್ತು. ಹೆಂಡತಿಯ ಕಾರ್ಖಾನೆ ಇನ್ನೂ ಆಚೆಯ ಚಾಕಣದ ಕಡೆ ಹೋಗಿ, ಅವಳು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಗ್ಯಾಲರಿಯ ಎದುರು ಆರು ಮಹಡಿಯ ಕಟ್ಟಡ ಎದ್ದು ಗುಡ್ಡ ಮರೆಯಾಗಿತ್ತು. ಅಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು.

ಆದರೂ ಮೊದಲ ದಿನ ಶೇಟರು ರಿಕ್ಷಾ ಮಾಡಿಕೊಂಡು ಧನಕವಡಿಗೆ ಬಂದರು. ಹೆಂಡತಿ ಡಬ್ಬಿಗೆ ಅವಲಕ್ಕಿ ತುಂಬಿಕೊಂಡಳು, ಹಳೆಯ ಕೆಲಸದ ಚೀಲದಲ್ಲೇ. ಭೋಸರಿಯಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಮೂವರೂ ಹತ್ತಿ ಎದುರುಬದುರಿನ ನಾಲ್ಕು ಸೀಟು ಹಿಡಿದೆವು. ಕಂಡಕ್ಟರ್ ಬಂದು "ಕಿತೀ?" ಎಂದ.

ನಾವಿದ್ದದ್ದು ಮೂವರು. ಅಷ್ಟು ವರ್ಷ ಆ ಒಂದು ಪ್ರಶ್ನೆಗೆ ಉತ್ತರ ಕಾದಿಟ್ಟುಕೊಂಡಿದ್ದ ಬಾಯಿ ನನ್ನನ್ನು ಕೇಳಲಿಲ್ಲ.

"ನಾಕು" ಎಂದೆ.

ಕಂಡಕ್ಟರ್ ನನ್ನನ್ನೇ ನೋಡಿದ. "ನಕೋ? ಮಗ ಚಢ್‌ಲಾತ್ ಕಶಾಲಾ, ಕಾಕಾ?" ಬೇಡವೆಂದರೆ ಹತ್ತಿದ್ದು ಯಾಕೆ ಎಂದು.

ಶೇಟರು ನಕ್ಕ ನಗುವಿಗೆ ಇಡೀ ಬಸ್ಸು ತಿರುಗಿ ನೋಡಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಮುಖ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಅವಳು ನನ್ನ ಬಾಯಿಗೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯ ನಾಲ್ಕು ಬೆರಳು ತೋರಿಸಿದಳು. ಕಂಡಕ್ಟರ್ ನಮ್ಮ ತಲೆ ಎಣಿಸಿ, ನಾಲ್ಕನೆಯವರು ಎಲ್ಲಿ ಎಂದ. ಮಾರ್ಕೆಟ್ ಯಾರ್ಡಿನಲ್ಲಿ ಹತ್ತುತ್ತಾರೆ ಎಂದರು ಶೇಟರು.

ಯಾರ್ಡಿನ ಸ್ಟಾಪಿನಲ್ಲಿ ಮಂದಿ ನುಗ್ಗಿದರು. ಹೆಂಡತಿ ಖಾಲಿ ಸೀಟಿನ ಮೇಲೆ ಚೀಲ ಇಟ್ಟಳು. ಕಿಟಕಿಯಿಂದ ಆ ಮೊಬೈಲ್ ಅಂಗಡಿ ಕಾಣುತ್ತಿತ್ತು. ಕಂಡಕ್ಟರ್ ಒಳ್ಳೆಯವನು, ಗಂಟೆಯ ಹಗ್ಗ ಹಿಡಿದು ಕಾಯುತ್ತ ನಿಂತ. "ಆಲೇ ಕಾ ತುಮಚೇ ಪಾಹುಣೇ?" ಎಂದು ಕೇಳಿದ, ನಿಮ್ಮ ನೆಂಟರು ಬಂದರೇನು ಎಂದು.

ಶೇಟರು ಕಿಟಕಿಯ ಕಡೆ ತಿರುಗಿದರು. ನನಗಂತೂ ಬಾಯಿ ಬಿಡುವ ಅಪ್ಪಣೆ ಇರಲಿಲ್ಲ.

"ಆಲೇ, ಆಲೇ" ಎಂದಳು ಹೆಂಡತಿ. "ಚಲಾ."

ಅವನು ಚೀಲವನ್ನು ನೋಡಿದ, ನಮ್ಮನ್ನು ನೋಡಿದ, ಗಂಟೆ ಹೊಡೆದ.

ನಡಾವಳಿಯ ಪುಸ್ತಕ ನನ್ನ ಬಳಿಯೇ ಉಳಿದಿತ್ತು. ಮನೆಗೆ ಬಂದು, ಬೆಳಕು ಇರುವಾಗಲೇ, ಹೆಂಡತಿ ಕೊಟ್ಟ ಚಹಾ ಪಕ್ಕಕ್ಕಿಟ್ಟುಕೊಂಡು ಕೊನೆಯ ಸಭೆಯದನ್ನು ಬರೆದೆ. ಆ ಪುಸ್ತಕದಲ್ಲಿ ಕನ್ನಡದಲ್ಲಿರುವುದು ಅದೊಂದೇ: 'ಬಸ್ಸು ಬಂತು. ಹಾಜರಿದ್ದವರು ನಾಲ್ಕು ಮಂದಿ.' 'ಲ್' ಬಿಟ್ಟಿಲ್ಲ ತಾನೇ ಎಂದು ಎರಡು ಸಲ ಓದಿ ನೋಡಿದೆ.