ಫೇಲಾಗಲು ನಾನು ಪಟ್ಟ ಪಾಡು

ಮನೆಯಲ್ಲೊಬ್ಬ ವಕೀಲರಿದ್ದರೆ ಬಾಯಿ ಮುಚ್ಚಿಕೊಂಡು ಹೇಗೋ ಬದುಕಬಹುದು. ಮನಶ್ಶಾಸ್ತ್ರ ಓದುವವರಿದ್ದರೆ ಅದೂ ಸಾಧ್ಯವಿಲ್ಲ, ಬಾಯಿ ಏಕೆ ಮುಚ್ಚಿಕೊಂಡಿರಿ ಎಂದು ಕೇಳುತ್ತಾರೆ. ನನ್ನ ಮಗಳು ಭುವನಾ ಕೊಯಮತ್ತೂರಿನ ಶರವಣಂಪಟ್ಟಿ ಕಡೆಯ ಒಂದು ಕಾಲೇಜಿನಲ್ಲಿ ಸೈಕಾಲಜಿ ಸೇರಿದಾಗ ನಮ್ಮ ನೇಕಾರರ ಬೀದಿಗೇ ಗಾಬರಿಯಾಯಿತು. ಮದುಕ್ಕರೈಯಿಂದ ನನ್ನ ಬಾಮೈದ ಫೋನು ಮಾಡಿ, ಹೆಣ್ಣುಮಗುವಿಗೆ ಹುಚ್ಚರ ಆಸ್ಪತ್ರೆ ಓದು ಯಾಕೆ ಎಂದು ಮರುಗಿದ. ಎದುರುಮನೆಯ ಅತ್ತೆ ನೇರವಾಗಿ ಬಂದು ಮಗಳ ಮುಂದೆ ಕೂತು, "ನನ್ನ ಮನಸಲ್ಲಿ ಈಗ ಏನಿದೆ ಸೊಲ್ಲು ಕಣ್ಣು, ಹೇಳಮ್ಮ" ಎಂದು ಅಂಗೈ ಬೇರೆ ಚಾಚಿದರು. ಹೊರಗೆ ನಾನು ನಕ್ಕೆನಾದರೂ ಒಳಗೆ ನನಗೂ ಅದೇ ಭಯ. ಕೆಲವು ವಾರ ಅವಳ ಮುಂದೆ ಊಟಕ್ಕೆ ಕೂತಾಗ ಸಾರಿನ ಬಗ್ಗೆ ಬಿಟ್ಟು ಬೇರೇನನ್ನೂ ಯೋಚಿಸುತ್ತಿರಲಿಲ್ಲ.

"ಅದೆಲ್ಲ ಇಲ್ಲಪ್ಪಾ. ಮನಸನ್ನ ಓದೋ ಪಡಿಪ್ಪಲ್ಲ ಇದು. ಮನಸು ಎಂಗೆ ಕೆಲಸ ಮಾಡ್ತದೆ ಅಂತ ನೋಡೋ ಪಡಿಪ್ಪು," ಎಂದು ಅವಳು ಒಂದು ಭಾನುವಾರ ದೋಸೆ ತಿನ್ನುತ್ತ ನನಗೆ ಪಾಠ ಹೇಳಿದಳು. ಆ ಓದಿನಲ್ಲೂ ಎಷ್ಟೊಂದು ಶಾಖೆಗಳು! ಮಗು ಬೆಳೆಯುತ್ತ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ನೋಡುವವರೇ ಬೇರೆ, ನಾಲ್ಕು ಜನ ಸೇರಿದಾಗ ಅದೇ ಮನಸ್ಸು ಹೇಗೆ ಬದಲಾಗುತ್ತದೆ ಎಂದು ನೋಡುವವರೇ ಬೇರೆ. ಕುರಿಚಿಯ ಫೌಂಡ್ರಿಗಳಲ್ಲಿ ದುಡಿಯುವವರಿಗೆ ಯಾವಾಗ ಬೇಸರ ಬರುತ್ತದೆ, ಯಾವಾಗ ಕೈ ತಪ್ಪುತ್ತದೆ ಎಂಬುದಕ್ಕೂ ಒಂದು ಶಾಖೆ. ನೆನಪು, ಗಮನ, ಕಲಿಕೆ ಇವುಗಳಿಗೆ ಇನ್ನೊಂದು. ಕಾಯಿಲೆಯಾದ ಮನಸ್ಸಿಗೆ ಚಿಕಿತ್ಸೆ ಕೊಡುವವರು ಇಷ್ಟು ಜನರಲ್ಲಿ ಒಂದು ಗುಂಪು ಮಾತ್ರ. ಇಷ್ಟೂ ದಿನ ಇಂಥ ಮನಸ್ಸನ್ನು ತಲೆಯೊಳಗೆ ಇಟ್ಟುಕೊಂಡೇ ನೂಲು ವ್ಯಾಪಾರ ಮಾಡಿಕೊಂಡು ಬಂದೆನಲ್ಲ ಎಂದು ನನಗೆ ನನ್ನ ತಲೆಯ ಮೇಲೇ ಗೌರವ ಬಂತು. ತಲೆಗೆ ಎಣ್ಣೆ ಹಚ್ಚುವಾಗಲೂ ಸ್ವಲ್ಪ ಮರ್ಯಾದೆಯಿಂದ ಹಚ್ಚತೊಡಗಿದೆ.

ಆಮೇಲೆ ನನಗೆ ಎಲ್ಲದರಲ್ಲೂ ಮನಶ್ಶಾಸ್ತ್ರವೇ ಕಾಣತೊಡಗಿತು. ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮು. ಹೊಸಬರು ಬಂದರೆ ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ, ನಮ್ಮ ತೊಟ್ಟಿಲ ಮಕ್ಕಳು ಅದರಲ್ಲೇ ಗೊರಕೆ ಹೊಡೆಯುತ್ತವೆ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ ಇಡೀ ಬೀದಿಯ ಮಕ್ಕಳು ಬೆಚ್ಚಿಬಿದ್ದು ಅಳುತ್ತವೆ. ಇದನ್ನು ಹುಟ್ಟಿದಾಗಿನಿಂದ ನೋಡಿದ್ದರೂ ವಿಚಿತ್ರವೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಮಗಳು ಹೇಳಿದಳು, ಒಂದೇ ಸದ್ದು ಸದಾ ಇದ್ದರೆ ಮನಸ್ಸು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದಂತೆ. ಇದಕ್ಕೂ ಅವರಲ್ಲಿ ಹೆಸರಿದೆ, ಪಾಠವಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಇದನ್ನು ಕೇಳಿ, "ಅದಕ್ಕೇ ನಾನು ಕರೆದ್ರೆ ನಿಮ್ಮಪ್ಪಂಗೆ ಕೇಳಿಸಲ್ಲ" ಎಂದಳು. ವಿಜ್ಞಾನ ಮನೆಯೊಳಗೆ ಬಂದರೆ ಹೀಗೆ ಒಂದೆರಡು ಏಟು ಯಜಮಾನನಿಗೂ ಬೀಳುತ್ತವೆ.

ನನ್ನ ಸಂಕಟ ಶುರುವಾದದ್ದು ಅವಳ ಪ್ರಾಕ್ಟಿಕಲ್ ಪರೀಕ್ಷೆಯಿಂದ. ಪ್ರತಿಯೊಬ್ಬರೂ ಮನೆಯವರ ಮೇಲೆ ಒಂದು ಪ್ರಯೋಗ ಮಾಡಿಕೊಂಡು ಬರಬೇಕಿತ್ತು. ಭುವನಾ ಒಂದು ಕಾರ್ಡು ತಂದಳು. ಅದರ ತುಂಬ ತಮಿಳಿನಲ್ಲಿ ಬಣ್ಣಗಳ ಹೆಸರು, ಆದರೆ ಶಾಯಿ ಮಾತ್ರ ಬೇರೆ. ಕೆಂಪು ಎಂಬ ಪದ ಹಸಿರು ಶಾಯಿಯಲ್ಲಿ, ನೀಲಿ ಎಂಬುದು ಹಳದಿಯಲ್ಲಿ. ಪದ ಓದಬಾರದು, ಶಾಯಿಯ ಬಣ್ಣವನ್ನು ಬೇಗ ಬೇಗ ಹೇಳಬೇಕು. ನನಗೆ ನಗು ಬಂತು. ಬಣ್ಣದ ನೂಲನ್ನೇ ಮಾರಿ ಬದುಕಿದವನು ನಾನು. ಸಂಜೆಯ ಮಬ್ಬಿನಲ್ಲೂ ನೂಲು ಸುತ್ತಿದ ಎರಡು ಕೋನುಗಳ ನಡುವೆ ಒಂದು ಎಳೆ ಬಣ್ಣ ವ್ಯತ್ಯಾಸವಿದ್ದರೆ ಹಿಡಿಯುತ್ತೇನೆ. "ನನಗೇ ಕಲರ್ ಪರೀಕ್ಷೆಯಾ ಕಣ್ಣು?" ಎಂದು ಲುಂಗಿ ಸರಿಮಾಡಿಕೊಂಡು ಕೂತೆ. ಮೊದಲನೆಯ ಪದಕ್ಕೇ ಬಾಯಿ ತೊದಲಿತು. ಕಣ್ಣ ಮುಂದೆ ಹಸಿರಿದೆ, ನಾಲಿಗೆ ತಮಿಳಲ್ಲಿ ಕೆಂಪು, "ಸಿವಪ್ಪು" ಎನ್ನುತ್ತದೆ. ಆರನೇ ಪದದ ಹೊತ್ತಿಗೆ ಬೆವೆತುಹೋಗಿದ್ದೆ.

"ಓದು ಬೇರೂರಿಬಿಟ್ಟಿದೆಯಪ್ಪಾ. ನೀ ಬೇಡ ಅಂದ್ರೂ ಮನಸು ನಿನ್ನ ಕೇಳದೆ ಓದಿಬಿಡ್ತದೆ. ಎಳುತ್ತು, ಅಕ್ಷರ ಗೊತ್ತಿಲ್ಲದವರಿಗೆ ಈ ತೊಂದರೆ ಇಲ್ಲ," ಎಂದಳು ಮಗಳು. ಅದನ್ನು ತೋರಿಸಲೆಂದೇ ಅವಳು ಸ್ವಂತ ಬುದ್ಧಿಯಿಂದ ಎರಡನೆಯ ಕಾರ್ಡು ಮಾಡಿದ್ದಳು. ಇದು ಫೋನಿನಲ್ಲಿ ನೋಡಿ ನಕಲು ಮಾಡಿದ ಕನ್ನಡ ಅಕ್ಷರದಲ್ಲಿತ್ತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಮ್ಮ ಮನೆಮಾತು ಕನ್ನಡ. ತಲೆತಲಾಂತರದಿಂದ ನಮ್ಮವರು ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ರಾಜಿಯಾಗಿ, ಕೊಯಮತ್ತೂರಿನ ಈ ಸೀಮೆಯಲ್ಲಿ ನೇಯ್ದುಕೊಂಡು ಬಂದಿದ್ದಾರೆ. ಓದಿದ್ದು ಮಾತ್ರ ತಮಿಳು. ನನ್ನ ಅಮ್ಮ ನನ್ನನ್ನು ಬೈದದ್ದು, ಮುದ್ದಿಸಿದ್ದು, ಕೊನೆಗೆ ನೀರು ಕೇಳಿದ್ದು ಎಲ್ಲ ಕನ್ನಡದಲ್ಲಿ. ಬರೆದರೆ ಆ ಭಾಷೆಗೆ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಹೋದ ಮೇಲೆ ನನಗೆ ಅದೊಂದು ಕೊರಗಾಯಿತು. ನಮ್ಮ ಚೌಡೇಶ್ವರಿ ಗುಡಿಯ ಮಂಟಪದಲ್ಲಿ ಹಾಸನದ ಕಡೆಯಿಂದ ಕೆಲಸಕ್ಕೆ ಬಂದ ಒಬ್ಬ ಹುಡುಗಿ ಭಾನುವಾರ ಕನ್ನಡ ಅಕ್ಷರ ಕಲಿಸುತ್ತಾಳೆ ಎಂದು ತಿಳಿದು, ಸಣ್ಣ ಮಕ್ಕಳ ನಡುವೆ ಕಾಲು ಮಡಚಿ ಕೂತು ಕಲಿತೆ. "ಸೂಪರ್ ಆಗಿ ಓದ್ತೀರ ಅಂಕಲ್" ಎಂದು ಅವಳು ಹೇಳಿದ ದಿನ ನಾನು ಬೀದಿಯಲ್ಲಿ ನಡೆದ ರೀತಿ ನೋಡಿ ಜನ ನನಗೆ ದೊಡ್ಡ ಆರ್ಡರ್ ಸಿಕ್ಕಿದೆ ಎಂದುಕೊಂಡರು. ನಮ್ಮ ವಂಶದಲ್ಲಿ ಕನ್ನಡ ಓದುವವನು ನಾನೊಬ್ಬನೇ.

ಮೊದಲು ಹೆಂಡತಿ ಕೂತಳು. ಕನ್ನಡ ಅಕ್ಷರ ಬಾರದವಳು, ಸರಸರನೆ ಬಣ್ಣ ಹೇಳಿ ಎದ್ದುಹೋದಳು. "ಈಗ ಅಪ್ಪ ತೊದಲ್ತದೆ ನೋಡಮ್ಮಾ, ಅಪ್ಪಂಗೆ ಓದೋಕೆ ಬರ್ತದಲ್ಲ" ಎಂದಳು ಮಗಳು. ನಾನು ತೊದಲಲು ಸಿದ್ಧನಾಗಿ ಹೆಮ್ಮೆಯಿಂದ ಕೂತೆ. ಕಾರ್ಡು ಮುಂದೆ ಬಂತು. ಮಂಜ, ಪಚ್ಚೆ, ಕೆಂಪು, ನೀಲ... ಒಂದು ಕಡೆಯೂ ತಡೆಯಲಿಲ್ಲ. ಹೆಂಡತಿಯಷ್ಟೇ ಚುರುಕಾಗಿ, ಒಂದೇ ಒಂದು ತಪ್ಪಿಲ್ಲದೆ ಮುಗಿಸಿಬಿಟ್ಟೆ. ಮಗಳು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಹೆಂಡತಿ ಮಾತ್ರ, "ಏನುಂಗ, ನೀವೂ ನನ್ನ ಮಾದಿರಿಯೇ" ಎಂದಳು. ಅವಳಿಗೆ ಅದು ಪ್ರೀತಿಯ ಮಾತು. ನನಗೆ ಊಟ ಸೇರಲಿಲ್ಲ. ಅಷ್ಟು ಕಷ್ಟಪಟ್ಟು ಕಲಿತ ಅಕ್ಷರಗಳು ನಾನು ಬಾ ಎಂದರೆ ಬರುತ್ತಿದ್ದವು, ಕರೆಯದೆ ಬರುವ ಸಲಿಗೆ ಅವಕ್ಕೆ ಇನ್ನೂ ಬಂದಿರಲಿಲ್ಲ. ಮನಸ್ಸಿನ ಒಳಗೆ ಅಮ್ಮನ ಭಾಷೆಗೆ ಅಕ್ಷರವೇ ಇಲ್ಲವೆಂದು ಒಂದು ರಟ್ಟಿನ ಕಾರ್ಡು ಹೇಳಿಬಿಟ್ಟಿತ್ತು.

ಪಾಸಾಗಲು ಒದ್ದಾಡುವವರನ್ನು ನೋಡಿದ್ದೀರಿ. ನಾನು ಫೇಲಾಗಲು ಹಟ ಹಿಡಿದೆ. ಆ ಕಾರ್ಡನ್ನೇ ಕೊಡು, ಅಭ್ಯಾಸ ಮಾಡುತ್ತೇನೆ ಎಂದರೆ ಮಗಳು ಕೊಡಲಿಲ್ಲ. ಅದನ್ನೇ ಉರು ಹೊಡೆದರೆ ಇನ್ನೂ ಚೆನ್ನಾಗಿ ಪಾಸಾಗುತ್ತೀಯ ಎಂದು ಹೆದರಿಸಿದಳು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಫೋನಿನಲ್ಲಿ ಕನ್ನಡ ಪತ್ರಿಕೆ ಓದಿದೆ, ಅದರಲ್ಲಿ ನನಗೆ ಪರಿಚಯವೇ ಇಲ್ಲದ ಊರುಗಳ ನಿಧನ ವಾರ್ತೆಯನ್ನೂ ಬಿಡಲಿಲ್ಲ. ಭಾನುವಾರದ ಹುಡುಗಿ ಕೊಟ್ಟ ಕಥೆ ಪುಸ್ತಕಗಳನ್ನು ಮಗ್ಗದ ಸದ್ದಿನಲ್ಲಿ ಗಟ್ಟಿಯಾಗಿ ಓದಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಕರ್ನಾಟಕದ ಬಸ್ಸುಗಳ ಬೋರ್ಡು ಓದುತ್ತ ನಿಂತೆ. ಕಂಡಕ್ಟರೊಬ್ಬರು, "ಮೈಸೂರಾ ಯಜಮಾನ್ರೇ? ಹತ್ತಿ, ಸೀಟಿದೆ" ಎಂದರು. ಇಲ್ಲ, ಓದುತ್ತಿದ್ದೇನೆ ಎಂದೆ. ಅವರು ಬೋರ್ಡನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅದರಲ್ಲಿ ಅಷ್ಟು ಹೊತ್ತು ಓದುವಂಥದ್ದೇನಿದೆ ಎಂದು ತಾವೇ ಇಳಿದು ಬಂದು ಓದಿದರು.

ನಡುನಡುವೆ ಪರೀಕ್ಷೆ ಮಾಡು ಎಂದು ಮಗಳ ಬೆನ್ನು ಹತ್ತುತ್ತಿದ್ದೆ. ಅವಳು ಒಪ್ಪುತ್ತಿರಲಿಲ್ಲ. "ನೀ ತಪ್ಪು ಮಾಡಬೇಕು ಅಂತಾನೇ ಕೂತಿದ್ದೀಯಪ್ಪಾ. ನಟಿಸ್ತೀಯ" ಎನ್ನುವಳು. ಮಳೆಗಾಲ ಕಳೆದು ದೀಪಾವಳಿಯ ಆರ್ಡರುಗಳು ಬಂದವು. ಕೆಲಸದ ಗದ್ದಲದಲ್ಲಿ ನಾನು ಕಾರ್ಡನ್ನೂ ಮರೆತೆ, ಪರೀಕ್ಷೆಯನ್ನೂ ಮರೆತೆ. ಓದುವುದು ಮಾತ್ರ ಊಟವಾದ ಮೇಲಿನ ಎಲೆಅಡಿಕೆಯ ಹಾಗೆ ಉಳಿದುಕೊಂಡಿತ್ತು.

ಒಂದು ಬೆಳಿಗ್ಗೆ ಗೋದಾಮಿನಲ್ಲಿ ಕೋನುಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿದ್ದೆ. ಕಾಲೇಜಿಗೆ ಹೊರಟ ಭುವನಾ ಬಾಗಿಲಲ್ಲಿ ನಿಂತು, "ಅಪ್ಪಾ, ಬೇಗ! ಇದು ಏನು ಕಲರ್?" ಎಂದು ಏನನ್ನೋ ಮುಖದ ಮುಂದೆ ಹಿಡಿದಳು. ಗಿರಾಕಿ ಕೊಟ್ಟ ಸ್ಯಾಂಪಲ್ ಇರಬೇಕೆಂದು ತಲೆಯೆತ್ತಿ, "ಹಸಿರು" ಎಂದೆ.

ಅಕ್ಷರ ಹಸಿರು ಎಂದಿತ್ತು. ಶಾಯಿ ಕೆಂಪಗಿತ್ತು.

ನಮ್ಮ ಮನೆಯಲ್ಲಿ ಯಾರೂ ಹಸಿರು ಎನ್ನುವುದಿಲ್ಲ, ಎಲ್ಲರೂ ಪಚ್ಚೆ ಎನ್ನುವವರೇ. ಆ ಪದ ನನಗೆ ಸಿಕ್ಕಿದ್ದು ಓದಿನಿಂದ ಮಾತ್ರ. ಯಾವಾಗ ಒಳಗೆ ಬಂತೋ, ಯಾವ ಮೂಲೆಯಲ್ಲಿ ಕೂತಿತ್ತೋ, ನನಗೆ ಸುದ್ದಿಯೇ ಇಲ್ಲದೆ ಅಷ್ಟು ಕೆಲಸ ಯಾರು ಮಾಡಿದರೋ. ನನ್ನದೇ ತಲೆಯ ಮುಂದೆ ನಾನು ಬೆರಗಾಗಿ ನಿಂತೆ. ಅಮ್ಮ ಇದ್ದಿದ್ದರೆ ಅವಳ ಹೆಸರನ್ನು ಬರೆದು ತೋರಿಸಿ, ನೋಡು, ಇದು ಓದಬೇಡವೆಂದರೂ ಓದಿಸಿಕೊಳ್ಳುತ್ತದೆ ಎನ್ನುತ್ತಿದ್ದೆ. ಉಳಿದ ಪದಗಳನ್ನೂ ಹೇಳಪ್ಪಾ ಎಂದಳು ಮಗಳು. ಒಂದಕ್ಕೊಂದು ಸಿಕ್ಕಿಕೊಂಡು ನಾಲಿಗೆ ತೊಡರಿತು, ಸಾಲು ಪೂರ್ತಿ ತಪ್ಪು. ಅರ್ಧಕ್ಕೆ ಅವಳು ಕಾರ್ಡು ಇಳಿಸಿ, "ಇದು ಸೆಲ್ಲದಪ್ಪಾ, ಲೆಕ್ಕಕ್ಕಿಲ್ಲ, ಪರೀಕ್ಷೆಗೆ ಕೂತವರು ಅಳಬಾರದು" ಎಂದಳು.

ಕಣ್ಣಿಗೆ ನೂಲಿನ ಧೂಳು ಬಿದ್ದಿದೆ ಎಂದೆ. ಸೈಕಾಲಜಿಯಲ್ಲಿ ಇನ್ನೂ ಮೊದಲನೆಯ ವರ್ಷ, ಆದರೂ ಅವಳು ನಂಬಲಿಲ್ಲ.