ಕಮಲಳ ಎಡಗಡೆ

ಹೆಂಡತಿಯ ಕಣ್ಣು ತಪ್ಪಿಸಿ ಓಡಾಡುವ ವಿದ್ಯೆ ಗಂಡಸರಿಗೆಲ್ಲ ಅಷ್ಟಿಷ್ಟು ಗೊತ್ತಿರುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನೂ ಪಳಗಲು ನೋಡಿದೆ, ಸಾಗಲಿಲ್ಲ. ಸಕ್ಕರೆ ಕಾಯಿಲೆಯವನಾದ ನಾನು ಸೊರಬ ಪೇಟೆಯಿಂದ ಜಿಲೇಬಿ ಬಚ್ಚಿಟ್ಟುಕೊಂಡು ಬಂದರೆ, ಕಮಲ ಬಾಗಿಲಲ್ಲೇ "ಜೇಬು ತೋರಿಸ್ರೀ" ಎನ್ನುವಳು.

ಕಳೆದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಕೈಕಾಲು ಸುಮಾರಾಗಿ ಸುಧಾರಿಸಿದವು. ಆದರೆ ಅವಳ ಪಾಲಿಗೆ ಲೋಕದ ಎಡಭಾಗವೇ ಇಲ್ಲವಾಯಿತು. ತಟ್ಟೆಯ ಬಲಗಡೆಯ ಅನ್ನ ಮುಗಿಸಿ, "ಇಷ್ಟೇ ಏನ್ರೀ ಹಾಕೋದು?" ಎಂದು ಕೇಳುವಳು. ನಾನು ತಟ್ಟೆ ತಿರುಗಿಸಿಡುತ್ತಿದ್ದೆ. ಉಳಿದರ್ಧವೂ ಖಾಲಿಯಾಗುತ್ತಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತಿದ್ದೆ.

ಶಿಕಾರಿಪುರದ ಥೆರಪಿಸ್ಟ್ ಹುಡುಗಿ ಇದನ್ನು ಕೇಳಿ ಗದರಿದಳು. "ತಟ್ಟೆ ತಿರುಗಿಸ್ಬೇಡಿ ಅಂಕಲ್, ಆಂಟಿನೇ ತಿರುಗಿ ಹುಡುಕ್ಬೇಕು. ಕಣ್ಣು ಚೆನ್ನಾಗಿದೆ, ಗಮನ ಎಡಕ್ಕೆ ಹೋಗ್ತಿಲ್ಲ. ಇದಕ್ಕೆ ಅಭ್ಯಾಸವೇ ಔಷಧಿ." ಪತ್ರಿಕೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಸಿಕ್ಕಮೇಲೆಯೇ ಪ್ರತಿ ಸಾಲು ಓದಬೇಕೆಂದಳು. ನನಗೆ ಬೇರೆ ಶಿಕ್ಷೆ: "ನೀವು ಯಾವಾಗ್ಲೂ ಎಡಗಡೆಯೇ ಕೂತು ಮಾತಾಡಿಸಿ."

ಕೂತೆ. ನಾನು ಮಾತಾಡಿಸಿದರೆ ಅವಳು ಬಲಗಡೆಯ ಗೋಡೆಗೆ ಉತ್ತರ ಕೊಡುವಳು. ಜಡೆ ಊರಿನಿಂದ ನೋಡಲು ಬಂದ ತನ್ನ ತಂಗಿಯ ಹತ್ತಿರ, "ನಿಮ್ಮ ಭಾವ ಈಚೆಗೆ ಮನೇಲೇ ಇರಲ್ಲ ಕಣೇ" ಎಂದು ದೂರಿದಳು. ಆಗ ಅವಳ ಎಡಗೈ ನನ್ನ ಕೈಯಲ್ಲೇ ಇತ್ತು. ತಂಗಿ ನನ್ನ ಮುಖ ನೋಡಲಾರದೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಳು.

ಒಂದು ಸಂಜೆ, ಸಿಟ್ಟೋ ದುಃಖವೋ, ಜಿಲೇಬಿ ತಂದು ಅವಳ ಎಡಗಡೆ ಕೂತು ರಾಜಾರೋಷವಾಗಿ ತಿಂದೆ. ಯಾರೂ ಜೇಬು ಕೇಳಲಿಲ್ಲ. ಎರಡನೇ ತುತ್ತಿಗೆ ಮೊದಲೇ ಉಳಿದದ್ದನ್ನು ಪೊಟ್ಟಣ ಕಟ್ಟಿ ಎತ್ತಿಟ್ಟೆ.

ದಿನಾ ಬೆಳಿಗ್ಗೆ ಪತ್ರಿಕೆಯ ಪಾಠ ಮಾತ್ರ ಬಿಡಲಿಲ್ಲ. "ಕೆಂಪು ಎಲ್ಲಿ ಕಮಲ? ಇನ್ನೂ ಈಚೆಗೆ, ಇನ್ನೂ ಸ್ವಲ್ಪ." ಅವಳಿಗೆ ಬೇಸರ, ನನಗೆ ಗಂಟಲು ನೋವು. ಎರಡು ತಿಂಗಳಾದ ಮೇಲೆ ಒಂದು ದಿನ ಪಟ್ಟಿ ಸಿಕ್ಕಿತು. ಅವಳ ಮುಖ ಅಲ್ಲಿಗೇ ನಿಲ್ಲದೆ ಇನ್ನೂ ತಿರುಗಿ, ನನ್ನವರೆಗೆ ಬಂತು. ದಿಟ್ಟಿಸಿ ನೋಡಿದಳು.

"ಅಯ್ಯೋ, ಇದೇನ್ರೀ ಗಡ್ಡ! ಹೇಳೋರು ಕೇಳೋರು ಯಾರೂ ಇಲ್ವಾ ನಿಮಗೆ?"

"ಇಲ್ಲ ಮಾರಾಯ್ತಿ" ಎಂದೆ.

ಅಷ್ಟರಲ್ಲಿ ಅವಳ ಮುಖ ಮತ್ತೆ ಬಲಕ್ಕೆ ಜಾರಿತ್ತು. ನಾನು ಎದ್ದುಹೋಗಿ ಗಡ್ಡ ಬೋಳಿಸಿದೆ. ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಮದುವೆಗೆ ಹೆಣ್ಣು ನೋಡಲು ಹೊರಟವನ ಹಾಗೆ ಪೌಡರ್ ಕೂಡ ಬಳಿದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತೆ. ಮತ್ತೆ ಯಾವಾಗ ತಿರುಗುತ್ತಾಳೋ, ಯಾರಿಗೆ ಗೊತ್ತು?